ಪಿಚರ್ ಮುಖಕ್ಕೆ ಕ್ಯಾಚರ್ ಮಾಸ್ಕ್

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ನಾನು ಪರ್ತ್‌ನ ಒಂದು ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ ಫಿಸಿಯೊಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಓದಿ ಇಲ್ಲಿಗೆ ಬಂದು, ವರ್ಷಗಟ್ಟಲೆ ಕ್ರಿಕೆಟ್ ಆಟಗಾರರ ಬೆನ್ನು, ಮಂಡಿ ನೋಡಿಕೊಂಡಿದ್ದವಳಿಗೆ ಈ ಆಟ ಹೊಸದು. ನಮ್ಮ ಪಂದ್ಯಗಳ ಋತು ಅಮೆರಿಕದ ಕಾಲೇಜುಗಳ ಮಾದರಿಯದು: ಮೊದಲು ಊರಿನ ಪಂದ್ಯಗಳು, ಆಮೇಲೆ ಬ್ರಿಸ್ಬೇನ್‌ನಲ್ಲಿ ಅರ್ಹತಾ ಸುತ್ತು, ಕೊನೆಗೆ ಅಡಿಲೇಡ್‌ನಲ್ಲಿ ಚಾಂಪಿಯನ್‌ಶಿಪ್. ಅಡಿಲೇಡ್‌ಗೆ ಅಮೆರಿಕದ ಕಾಲೇಜೊಂದರವರು ಆಟಗಾರರನ್ನು ಆರಿಸಿಕೊಳ್ಳಲು ಬರುತ್ತಾರೆ ಎಂಬ ಸುದ್ದಿ ಮೊದಲ ದಿನದಿಂದಲೇ ಇತ್ತು. ಆ ಅಮೆರಿಕದವರಿಗಾಗಿ ಇಡೀ ತಂಡದ ತಲೆ ತಿರುಗಿಹೋಗಿತ್ತು.

ನಮ್ಮ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ನಿಖಿಲ್. ಹತ್ತೊಂಬತ್ತರ ಹುಡುಗ, ಹುಟ್ಟಿದ್ದು ಪರ್ತ್‌ನಲ್ಲೇ. ಅಪ್ಪ ಸತೀಶ್ ಬೆಂಗಳೂರಿನ ಎಂಜಿನಿಯರ್, ಅಲ್ಲಿನ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ಮನೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಿಖಿಲ್ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ.

ಕ್ರಿಕೆಟ್ ಬೌಲರ್ ಓಡಿಬಂದು ತೋಳನ್ನು ನೇರವಾಗಿ ತಿರುಗಿಸುತ್ತಾನೆ. ಭಾರದ ಬಹುಪಾಲು ಕಾಲಿಗೂ ಬೆನ್ನಿಗೂ ಹೋಗುತ್ತದೆ. ಪಿಚರ್ ನಿಂತಲ್ಲೇ ಮೊಣಕೈ ಮಡಚಿ ಚಾಟಿಯ ಹಾಗೆ ಬೀಸುತ್ತಾನೆ. ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿದಿರುವ ಲಿಗಮೆಂಟ್ ಎಂಬ ಪಟ್ಟಿ ಮೊಣಕೈಯ ಒಳಬದಿಯಲ್ಲಿದೆ. ಪ್ರತಿ ಎಸೆತಕ್ಕೂ ಅದು ಜಗ್ಗುತ್ತದೆ. ಅದಕ್ಕೇ ಒಬ್ಬ ಪಿಚರ್ ಒಂದು ಪಂದ್ಯದಲ್ಲಿ ಎಷ್ಟು ಎಸೆಯಬಹುದು, ಆಮೇಲೆ ಎಷ್ಟು ದಿನ ಬಿಡುವು ಎನ್ನುವುದಕ್ಕೆ ಮಿತಿ ಹಾಕಿರುತ್ತಾರೆ.

ಬ್ರಿಸ್ಬೇನ್‌ನಲ್ಲಿ ನಿಖಿಲ್‌ನ ಮಿತಿ ಮುಗಿಯಿತು. ಕೋಚ್ ಅವನನ್ನು ಹೊರಗೆ ಕೂರಿಸಲಿಲ್ಲ. ಮುಖಕ್ಕೆ ಮಾಸ್ಕ್ ಹಾಕಿಸಿ ಕ್ಯಾಚರ್ ಜಾಗಕ್ಕೆ ಕಳಿಸಿದ. ಕ್ಯಾಚರ್ ಎಂದರೆ ನಮ್ಮ ವಿಕೆಟ್‌ಕೀಪರ್ ಹಾಗೆ ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂರುವವನು. ಬ್ಯಾಟಿಗೆ ಸಿಗದ ಚೆಂಡನ್ನೆಲ್ಲ ಪಿಚರ್‌ಗೆ ವಾಪಸ್ ಎಸೆಯಬೇಕು. ಎದುರಾಳಿ ಮುಂದಿನ ಬೇಸ್ ಮುಟ್ಟಲು ಓಡಿದರೆ ಅವನನ್ನು ಔಟ್ ಮಾಡಲು ಇದ್ದಬದ್ದ ಬಲವನ್ನೆಲ್ಲ ಹಾಕಿ ಎಸೆಯಬೇಕು. ಆ ಎಸೆತಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳ ಎಷ್ಟೋ ಟೂರ್ನಿಗಳಲ್ಲಿ ಈ ಕಣ್ಕಟ್ಟಿಗೆ ನಿಷೇಧವಿದೆ. ನಮ್ಮ ದೊಡ್ಡವರ ಟೂರ್ನಿಯಲ್ಲಿ ಇರಲಿಲ್ಲ.

"ಇದು ಮೋಸ," ಎಂದೆ ಕೋಚ್‌ಗೆ.

"ರೂಲ್ ಮುರಿದಿಲ್ಲವಲ್ಲ, ಮೇಟ್," ಎಂದು ನಕ್ಕ.

ನನ್ನ ಪಿತ್ತ ನೆತ್ತಿಗೇರಿತು. ಆದರೆ ಫಿಸಿಯೊ ಸಲಹೆ ಕೊಡಬಹುದು ಅಷ್ಟೇ, ತೀರ್ಮಾನ ಕೋಚ್‌ನದು. ಸಂಘಟಕರ ಹತ್ತಿರ ಹೋದೆ. ಮುಂದಿನ ವರ್ಷ ನೋಡೋಣ ಎಂದರು. ಅಂದು ಸಂಜೆ ಫಾರೆಸ್ಟ್ ಲೇಕ್ ದಂಡೆಯಲ್ಲಿ ತಂಡದ ಬಾರ್ಬಿ, ಅಂದರೆ ಬಯಲಲ್ಲಿ ಮಾಂಸ ಸುಟ್ಟು ತಿನ್ನುವ ಕೂಟ, ಇತ್ತು. ಎಲ್ಲರೂ ಗೆಲುವಿನ ಖುಷಿಯಲ್ಲಿದ್ದಾಗ ನಿಖಿಲ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ತಿನ್ನುತ್ತಿದ್ದ.

ಅಡಿಲೇಡ್‌ನ ಸೆಮಿಫೈನಲ್‌ನಲ್ಲೂ ಅದೇ ಆಟ, ಅದೇ ಮಾಸ್ಕ್. ಫೈನಲ್‌ಗೆ ಮುಂಚೆ ಕೆಲವು ದಿನ ಕಡ್ಡಾಯ ಬಿಡುವಿತ್ತು. ಪಂದ್ಯ ನೋಡಲು ಬಂದಿದ್ದ ಸತೀಶ್ ಮಗನನ್ನು ಅಲ್ಲೇ ಸ್ಯಾಲಿಸ್‌ಬರಿಯ ಗೆಳೆಯರ ಮನೆಗೆ ಕರೆದುಕೊಂಡು ಹೋದರು. ಮನೆ ಊಟ ಮಾಡಿ ಮಲಗಲಿ ಎಂದು ನಾನೂ ನೆಮ್ಮದಿಯಾಗಿದ್ದೆ. ಫೈನಲ್‌ನ ಬೆಳಿಗ್ಗೆ ನೋಡಿದರೆ ಹುಡುಗನ ಮೊಣಕೈ ಪೂರ್ತಿ ನೇರವಾಗುತ್ತಿಲ್ಲ.

"ಏನು ಮಾಡಿದ್ರಿ?" ಎಂದು ಅಪ್ಪನನ್ನು ಕೇಳಿದೆ.

"ಏನಿಲ್ಲ ಮೇಡಂ. ಹಿತ್ತಲಲ್ಲಿ ದಿನಾ ಸ್ವಲ್ಪ ಪ್ರಾಕ್ಟೀಸ್ ಮಾಡ್ಸಿದೆ, ಕೈ ಜಡ ಆಗ್ಬಾರ್ದು ಅಂತ. ನಾವೆಲ್ಲ ಕಾಲೇಜಲ್ಲಿ ನೆಟ್ಸಿಗೆ ಹೋದ್ರೆ ಸಂಜೆವರೆಗೂ ಬೌಲಿಂಗ್ ಹಾಕ್ತಿರ್ಲಿಲ್ವಾ?"

"ರೀ ಸತೀಶ್, ರೆಸ್ಟ್ ಅಂದ್ರೆ ರೆಸ್ಟ್, ಟ್ಯೂಷನ್ ಅಲ್ಲ! ನೀವು ಹಾಕ್ತಿದ್ದಿದ್ದು ಬೌಲಿಂಗು. ಇವನು ಮಾಡೋದು ಅದಲ್ಲ!"

"ಐ ಕ್ಯಾನ್ ಪಿಚ್, ಆಂಟಿ. ಪ್ಲೀಸ್ ಡೋಂಟ್ ಟೆಲ್ ಕೋಚ್," ಎಂದ ನಿಖಿಲ್. ಕಣ್ಣು ತುಂಬಿತ್ತು.

"ಇದೊಂದು ಮ್ಯಾಚ್ ಮೇಡಂ," ಸತೀಶ್ ಅಂಗಲಾಚಿದರು. "ಆ ಅಮೆರಿಕದವ್ರು ಒಂದ್ಸಲ ನೋಡ್ಬಿಟ್ರೆ ಸಾಕು."

ನಾನು ಅವರ ಬೆರಳನ್ನು ಹಿಡಿದು ಮಗನ ಮೊಣಕೈಯ ಒಳಬದಿಯ ಮೇಲಿಟ್ಟೆ. ಮೆಲ್ಲಗೆ ತಾಗಿದ್ದಷ್ಟಕ್ಕೇ ಹುಡುಗ ಬೆಚ್ಚಿಬಿದ್ದು ಕೈ ಎಳೆದುಕೊಂಡ. "ಇದು ಹರಿದುಹೋದ್ರೆ ಯಾವ ಅಮೆರಿಕದವರು ಕರ್ಕೊಂಡು ಹೋಗ್ತಾರೆ?" ಎಂದೆ. ಸತೀಶ್ ನೇರ ಕೋಚ್ ಹತ್ತಿರ ಹೋಗಿ, ನನ್ನ ಮಗ ಆಡುವುದಿಲ್ಲ ಎಂದರು. ಕೋಚ್ ಅವರ ಮುಖವನ್ನೂ ನೋಡದೆ, "ಮುದ್ದು ಮಾಡಿ ಹಾಳು ಮಾಡಿ," ಎಂದ. ನಿಖಿಲ್ ನನ್ನೊಂದಿಗೆ ಮಾತು ಬಿಟ್ಟ. ನನಗೆ ಬೇಜಾರಾಯಿತು, ಆದರೆ ಪರವಾಗಿಲ್ಲ ಅನ್ನಿಸಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೋಚ್ ಇನ್ನೊಬ್ಬ ಹುಡುಗ ಡ್ಯಾನಿಯಲ್‌ನನ್ನು ಪಿಚ್ ಮಾಡಲು ಇಳಿಸಿದ. ಅವನ ಅಪ್ಪ ಅಮ್ಮ ಪರ್ತ್‌ನಿಂದಲೂ ಎಷ್ಟೋ ದೂರದ ಹಳ್ಳಿಯಲ್ಲಿದ್ದರು. ಅವನ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಅವನು ಮಿತಿ ಮುಟ್ಟುವವರೆಗೂ ಎಸೆದ. ಆಮೇಲೆ ಮೊಣಕೈ ಉಜ್ಜಿಕೊಳ್ಳುತ್ತಾ ಬಂದವನ ಕೈಗೆ ಕೋಚ್ ಮಾಸ್ಕ್ ಕೊಟ್ಟ.

"ಅವನಿಗೆ ನೋವಿದೆ, ಕೂರಿಸಿ!" ಎಂದು ಕೂಗಿದೆ. ಕೋಚ್ ತಿರುಗಿ ನೋಡಲಿಲ್ಲ. ಆಟ ಶುರುವಾಯಿತು. ನಾನು ಯಾರನ್ನೂ ಕೇಳದೆ ನೇರ ಮೈದಾನಕ್ಕೆ ನಡೆದು ಡ್ಯಾನಿಯಲ್ ಎದುರು ನಿಂತೆ. ಅಂಪೈರ್ ಆಟ ನಿಲ್ಲಿಸಿದ. ಅನುಮತಿಯಿಲ್ಲದೆ ಒಳಗೆ ಬಂದದ್ದಕ್ಕೆ ನನ್ನನ್ನು ಪಂದ್ಯದಿಂದಲೇ ಹೊರಗೆ ಹಾಕಿದ.

ಬೇಲಿಯ ಆಚೆ ನಿಂತು ಉಳಿದದ್ದನ್ನು ನೋಡಿದೆ. ಎದುರಾಳಿ ಓಡಿದ, ಡ್ಯಾನಿಯಲ್ ಎದ್ದು ಬಲವಾಗಿ ಎಸೆದ, ಎಸೆದವನು ಹಾಗೇ ಕೈ ಹಿಡಿದುಕೊಂಡು ನೆಲಕ್ಕೆ ಕುಸಿದ. ಓಡಿದವನು ಔಟಾದ. ನಾವು ಕಪ್ ಗೆದ್ದೆವು. ಡ್ಯಾನಿಯಲ್ ಪದಕವನ್ನು ಎಡಗೈಯಲ್ಲಿ ತೆಗೆದುಕೊಂಡ. ಅಮೆರಿಕದವರು ಅವನ ಕಡೆ ತಲೆಯೆತ್ತಿ ನೋಡಲೂ ಇಲ್ಲ. ಅವನ ಲಿಗಮೆಂಟ್ ಪೂರ್ತಿ ಹರಿದಿತ್ತು, ಶಸ್ತ್ರಚಿಕಿತ್ಸೆ ಆಯಿತು. ನಿಖಿಲ್‌ಗೆ ಅರ್ಧ ಮಾತ್ರ ಹರಿದಿತ್ತು. ಅವನು ಈಗ ಪರ್ತ್‌ನಲ್ಲೇ ಮತ್ತೆ ಎಸೆಯುತ್ತಿದ್ದಾನೆ, ನನ್ನೊಂದಿಗೆ ಮಾತೂ ಆಡುತ್ತಾನೆ.

ಈಗ ಯಾವ ತಂಡ ಕರೆದರೂ ಮೊದಲು ಕೇಳುವುದು ಒಂದೇ: ಪಿಚರ್‌ನನ್ನು ಕ್ಯಾಚರ್ ಮಾಡುತ್ತೀರಾ? ರೂಲ್‌ನಲ್ಲಿ ಅವಕಾಶ ಇದೆಯಲ್ಲ ಎಂದರೆ ಬ್ಯಾಗು ಎತ್ತಿಕೊಂಡು ಹೊರಡುತ್ತೇನೆ. ಆ ರೂಲ್‌ಬುಕ್ ನನಗೆ ಗೊತ್ತು. ಅಂದು ನನ್ನನ್ನು ಮೈದಾನದಿಂದ ಹೊರಗೆ ಹಾಕಲು ಅದರಲ್ಲಿ ಜಾಗವಿತ್ತು. ಆ ಹುಡುಗನನ್ನು ಹೊರಗೆ ಕೂರಿಸಲು ಇರಲಿಲ್ಲ.