ಕಂಡಕ್ಟರ್ ಮಾಮಾ ನುಂಗದ ಗುಳಿಗೆ

ಕಾದ ಹೆಂಚಿನ ಮೇಲೆ ಎಕ್ಕದ ಎಲೆ ಬಾಡುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಹಸಿ, ಅರ್ಧ ಸುಟ್ಟದ್ದು. ಜೊತೆಗೆ ಎಲೆಗೆ ಸವರಿದ ಔಡಲೆಣ್ಣೆಯ ಜಿಡ್ಡು. ಮೊನ್ನೆ ತಾಂಡೂರಿನ ನಮ್ಮ ಬಾಡಿಗೆ ಮನೆಗೆ ಶಾಲೆಯಲ್ಲಿ ಪಾಠ ಮಾಡಿ ಬಂದಾಗ ಪಕ್ಕದವರ ಅಡುಗೆಮನೆಯಿಂದ ಆ ವಾಸನೆ ಬಂತು. ಯಾರದೋ ಮೊಣಕಾಲು ನೋವಿಗೆ ಶಾಖ ಕೊಡುತ್ತಿದ್ದಿರಬೇಕು. ನಾನು ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವುದು ಮರೆತು, ಹಾಗೇ ಹೊಸ್ತಿಲಲ್ಲಿ ನಿಂತೆ…

ನಾರಾಯಣಖೇಡದಲ್ಲಿ ನನ್ನ ತವರುಮನೆಯ ಎದುರಿಗೇ ಮಾಮಾನ ಮನೆ. ರಕ್ತಸಂಬಂಧವಿರಲಿಲ್ಲ. ಅವ್ವ ಅವರನ್ನು ಅಣ್ಣಾ ಎನ್ನುತ್ತಿದ್ದಳು, ಹಾಗಾಗಿ ನನಗೂ ನನ್ನ ತಮ್ಮನಿಗೂ ಅವರು ಮಾಮಾ. ಜಹೀರಾಬಾದ್ ಬಸ್ಸಿನ ಕಂಡಕ್ಟರಾಗಿದ್ದರಿಂದ ಓಣಿಗೆಲ್ಲ ಕಂಡಕ್ಟರ್ ಮಾಮಾ. ಆ ರಸ್ತೆಯ ಕುಲುಕಾಟಕ್ಕೆ ಅವರ ನಡು ಎಂದೋ ಕೆಟ್ಟಿತ್ತು. ಖಾಕಿ ಅಂಗಿಯ ಜೇಬಿನಲ್ಲಿ ತಲೆನೋವಿನ ಗುಳಿಗೆಗಳು ಸದಾ ಇರುತ್ತಿದ್ದವು, ಕಿರಾಣಿ ಅಂಗಡಿಯಲ್ಲೂ ಸಿಗುವಂಥವು. ನಡು ಹಿಡಿದ ದಿನ ಚಹಾದ ಜೊತೆ ಒಂದು ನುಂಗಿ ಡ್ಯೂಟಿಗೆ ಹೊರಡುತ್ತಿದ್ದರು.

ತಮ್ಮನಿಗೆ ಆಗಷ್ಟೇ ಕೊಡಂಗಲ್ಲಿನಲ್ಲಿ ಸರಕಾರಿ ನೌಕರಿ ಸಿಕ್ಕಿತ್ತು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ನಿಲ್ಲುತ್ತಿಲ್ಲವೆಂದು ತೋರಿಸಲು ಹೋದವನನ್ನು ಹೈದರಾಬಾದಿಗೆ ಕಳಿಸಿದರು. ರಕ್ತದ ಕ್ಯಾನ್ಸರ್. ಔಷಧಿ ಶುರುವಾದ ಮೇಲೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಪ್ಲೇಟ್‌ಲೆಟ್ ಎನ್ನುತ್ತಾರಲ್ಲ, ಅವು ಅವನ ಮೈಯಲ್ಲಿ ಉಳಿಯಲೇ ಇಲ್ಲ. ಬೇರೆಯವರು ಕೊಡಬೇಕು. ನನ್ನದೂ ಅವ್ವನದೂ ಹೊಂದಲಿಲ್ಲ. ಮಾಮಾನದು ಹೊಂದಿತು. ರಜೆ ಹಾಕಿ, ಬಸ್ಸು ಹಿಡಿದು ಬಂದು, ಎರಡು ಸಲ ಕೊಟ್ಟರು. ಕೊಟ್ಟಾದ ಮೇಲೆ ತಮ್ಮನ ಮಂಚದ ಹತ್ತಿರ ಕುಳಿತು, "ಅಳಿಯಾ, ಈಗ ನಿನ್ನ ಮೈಯಾಗ ಕಂಡಕ್ಟರನ ರಕ್ತ ಅದ. ಟಿಕೆಟ್ ಇಲ್ಲದ ರೋಗಕ್ಕ ಒಳಗ ಬಿಡಂಗಿಲ್ಲ ನೋಡು," ಎಂದು ನಗಿಸಿದ್ದರು.

ಮೂರನೆಯ ಸಲ ಅವರು ಬಂದದ್ದು ಒಂದು ಮುಂಜಾನೆ. ತಮ್ಮನ ಕಣ್ಣಿನ ಬಿಳಿಯಲ್ಲಿ ರಕ್ತ ಇಳಿದಿತ್ತು. ರಕ್ತನಿಧಿಯ ಡಾಕ್ಟರಮ್ಮ ಎಂದಿನಂತೆ ಕೇಳಿದರು, ಈ ಎರಡು ಮೂರು ದಿನದಲ್ಲಿ ನೋವಿನ ಗುಳಿಗೆ ಏನಾದರೂ ತೆಗೆದುಕೊಂಡಿದ್ದೀರಾ ಎಂದು. ಮಾಮಾ ಜೇಬಿನಿಂದ ಗುಳಿಗೆಯ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ನಿನ್ನಿ ಮುಂಜಾನಿ ಒಂದು ನುಂಗೀನ್ರಿ."

ಆಗದು ಎಂದರು ಡಾಕ್ಟರಮ್ಮ. ಈ ಜಾತಿಯ ಗುಳಿಗೆ ಹೋಗಿ ಆ ಕಣಗಳಿಗೆ ಅಂಟಿಕೊಂಡುಬಿಡುತ್ತದಂತೆ. ಬೇರೆ ಕೆಲವು ನೋವಿನ ಗುಳಿಗೆಗಳು ದಿನದೊಳಗೆ ಬಿಟ್ಟುಹೋಗುತ್ತವೆ. ಇದು ಮಾತ್ರ ಆ ಕಣ ಸಾಯುವ ತನಕ ಬಿಡುವುದಿಲ್ಲ. ಹಾಗಾದ ಕಣ ಇನ್ನೊಂದರ ಜೊತೆ ಸರಿಯಾಗಿ ಕೂಡುವುದಿಲ್ಲ, ರಕ್ತ ನಿಲ್ಲಿಸುವುದಿಲ್ಲ. ಗಟ್ಟಿಮುಟ್ಟಾದವರಿಗೆ ಅದರಿಂದ ಗೊತ್ತಾಗುವಂಥ ತೊಂದರೆ ಇಲ್ಲ. ತನ್ನದೆಂಬುದು ಒಂದೂ ಇಲ್ಲದವನಿಗೆ ಅದನ್ನು ಏರಿಸಿ ಏನು ಉಪಯೋಗ?

ಅವ್ವನಿಗೆ ಇದ್ಯಾವುದೂ ಕಿವಿಗೆ ಬೀಳಲಿಲ್ಲ. ಹೊರಗಿನ ಬೆಂಚಿನ ಮುಂದೆ ಅವರ ತೋಳು ಹಿಡಿದು ಅಲ್ಲಾಡಿಸಿದಳು. "ಅಣ್ಣಾ, ಒಂದು ಮಾತು ನುಂಗಿದ್ರ ನಿಂದೇನು ಹೋಗ್ತಿತ್ತು? ಇಲ್ಲ ಅಂದಿದ್ರ ಆಗ್ತಿತ್ತಲ್ಲೋ!"

"ತಂಗಿ, ಆ ರಕ್ತ ಅವನ ಕೆಲಸಕ್ಕ ಬರ್ತಿದ್ದಿಲ್ಲ…"

"ನನ್ನ ಮಗನ್ನ ಕೊಂದಿ ನೀ."

ಆಸ್ಪತ್ರೆಯವರು ಬೇರೆ ದಾನಿಗಾಗಿ ಎಲ್ಲ ಕಡೆ ಫೋನು ಮಾಡಿದರು. ಒಬ್ಬರು ಸಿಕ್ಕಿದರು ಕೂಡ. ಅವರು ಬರುವಷ್ಟರಲ್ಲಿ ತಮ್ಮ ತಲೆನೋವೆಂದು ಕೂಗಿ, ಮಾತು ತೊದಲಿ, ಆಮೇಲೆ ಕಣ್ಣು ತೆರೆಯಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ. ಮುಂಜಾನೆಯೇ ಕೊಟ್ಟಿದ್ದರೂ ಉಳಿಯುತ್ತಿದ್ದನೆಂದು ಹೇಳಲಾಗದು ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಿದೆ. ಅವ್ವನಿಗೆ ನೆನಪಿರಲಿಲ್ಲ.

ಮಣ್ಣು ಮಾಡುವ ದಿನ ಮಾಮಾ ಎಲ್ಲರ ಹಿಂದೆ ನಿಂತಿದ್ದರು. ಆಮೇಲೆ ಅವ್ವ ಎದುರುಮನೆಯ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟಳು. ಜಹೀರಾಬಾದಿಗೆ ಹೋಗಬೇಕಾದರೆ ಅವರ ಬಸ್ಸು ಎದುರಿಗೇ ನಿಂತಿದ್ದರೂ ಹತ್ತದೆ, ತುಂಬಿದ ಆಟೋದಲ್ಲಿ ಮುದುರಿ ಕುಳಿತು ಹೋಗುತ್ತಿದ್ದಳು. ಮಾಮಾ ಬಸ್ಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕರೆಯುತ್ತಿರಲಿಲ್ಲ.

ಅವರು ಗುಳಿಗೆ ಬಿಟ್ಟ ವಿಷಯ ನನಗೆ ಹೇಳಿದ್ದು ಅವರ ಹೆಂಡತಿ, ನಮ್ಮ ಅತ್ತಿ. ತವರಿಗೆ ಹೋದಾಗಲೆಲ್ಲ ನಾನು ಅವ್ವನ ಕಣ್ಣು ತಪ್ಪಿಸದೆಯೇ ಅವರ ಮನೆಗೆ ಹೋಗುತ್ತಿದ್ದೆ. ಮಾಮಾ ಬೋರಲು ಮಲಗಿರುತ್ತಿದ್ದರು; ಅತ್ತಿ ಹೆಂಚಿನಿಂದ ಎಕ್ಕದ ಎಲೆ ತೆಗೆತೆಗೆದು ಅವರ ಬೆನ್ನ ಮೇಲೆ ಇಡುತ್ತಿದ್ದಳು. "ನೋಡವಾ, ಹಲ್ಲು ಕಡಿದು ಡ್ಯೂಟಿ ಮಾಡ್ತಾರ. ಗುಳಿಗಿ ಮುಟ್ಟಂಗಿಲ್ಲ. ಯಾವಾಗ ಯಾರು ಕರೀತಾರೋ ಅಂತಾರ."

ನಿಜವಾಗಿಯೂ ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಪರಿಚಯವಾದವರು ಅವರ ನಂಬರನ್ನು ಇನ್ನೊಬ್ಬರಿಗೆ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟು… ಮುಖ ಕಂಡರಿಯದ ಮಕ್ಕಳಿಗಾಗಿ ಮಾಮಾ ಹೈದರಾಬಾದಿಗೆ ಹೋಗಿ ಬರುತ್ತಿದ್ದರು. ಕೊನೆಗೆ ವಯಸ್ಸು ಮೀರಿತು, ಇನ್ನು ನೀವು ಕೊಡಬಾರದು ಎಂದು ರಕ್ತನಿಧಿಯವರೇ ವಾಪಸು ಕಳಿಸಿದರು. ಅತ್ತಿಯ ಜೀವ ಹಗುರವಾಯಿತು. ಅಂದೇ ಗುಳಿಗೆ ತಂದು ಮುಂದಿಟ್ಟಳು. ಮಾಮಾ ತೆಗೆದುಕೊಳ್ಳಲಿಲ್ಲ.

"ಇನ್ನ ಯಾರ ಸಲುವಾಗಿ ಮಾಮಾ?" ಎಂದು ನಾನೂ ಕೇಳಿದೆ.

ಅವರು ಗೋಡೆಯ ಕಡೆ ತಿರುಗಿದರು. "ಯಾರ ಸಲುವಾಗಿನೂ ಅಲ್ಲವಾ. ಕೈಯಾಗ ಹಿಡದ್ರ ಆ ಹುಡುಗನ ಮಾರಿ ಕಾಣ್ತದ. ಗಂಟಲಾಗ ಇಳಿಯಂಗಿಲ್ಲ."

ಆಮೇಲೆ ಬಂದದ್ದು ಬರಿಯ ನಡುನೋವಲ್ಲ. ಬೆನ್ನುಮೂಳೆಯಲ್ಲೇ ಕ್ಯಾನ್ಸರಿನ ಗಂಟು ಬೆಳೆದಿತ್ತು, ಬೇರೆಲ್ಲಿಂದಲೋ ಹರಡಿ ಬಂದದ್ದು. ಡಾಕ್ಟರು ಬರೆದ ಮಾತ್ರೆಗಳು ಗೂಡಿನಲ್ಲಿ ಹಾಗೇ ಕುಳಿತವು. ಅವರ ನರಳಾಟ ಓಣಿಗೆ ಕೇಳುತ್ತಿತ್ತು. ಮುಚ್ಚಿದ ಕಿಟಕಿಯ ಒಳಗೆ ಅವ್ವನಿಗೂ ಕೇಳುತ್ತಿತ್ತು. ದಸರೆಯ ರಜೆಗೆ ನಾನು ಹೋದಾಗ ಅವಳು ಊಟಕ್ಕೆ ಕುಳಿತವಳು ರೊಟ್ಟಿ ಮುರಿದು, ಮುರಿದ ತುಂಡನ್ನು ತಾಟಿನಲ್ಲೇ ಇಟ್ಟು ಎದ್ದಳು. ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಓಣಿ ದಾಟಿದಳು. ನಾನು ಹಿಂದೆಯೇ ಹೋದೆ.

ಅತ್ತಿ ಅವಳನ್ನು ಕಂಡು ಮಂಚದ ಹತ್ತಿರದಿಂದ ಎದ್ದು ಜಾಗ ಬಿಟ್ಟಳು. ಅವ್ವ ಗೂಡಿನ ಕಡೆ ಕೈ ಮಾಡಿ ಯಾವುದು ಕೊಡಬೇಕೆಂದು ಕೇಳಿ, ಗುಳಿಗೆ ಬಿಡಿಸಿಕೊಂಡು, ನೀರಿನ ಲೋಟ ಹಿಡಿದು ಮಂಚದ ಹತ್ತಿರ ಕುಳಿತಳು.

"ಅಣ್ಣಾ, ಬಾಯಿ ತೆಗಿ."

ಮಾಮಾ ತಲೆಯಾಡಿಸಿದರು. ಬೇಡ.

"ನಾ ಅಂದ ಮಾತು ಇನ್ನೂ ಹೊಟ್ಟಿಯಾಗ ಇಟ್ಕೊಂಡು ಕುಂತೀಯೇನು?" ಅವ್ವ ಲೋಟವನ್ನು ಅವರ ತುಟಿಯ ಹತ್ತಿರ ತಂದಳು. "ಹೆತ್ತ ಹೊಟ್ಟಿ ಸಂಕಟಕ್ಕ ಅಂದೀನಿ. ನೀ ಕೊಂದಿಲ್ಲೋ. ನೀ ಅಲ್ಲ. ಬಾಯಿ ತೆಗಿಯಪ್ಪಾ…"

ಅವರ ಒಣಗಿದ ತುಟಿ ಸ್ವಲ್ಪ ತೆರೆಯಿತು. ಅವ್ವ ಗುಳಿಗೆಯನ್ನು ನಾಲಗೆಯ ಮೇಲಿಟ್ಟು, ಮಗುವಿಗೆ ಕುಡಿಸಿದಂತೆ ನೀರು ಕುಡಿಸಿದಳು. ಅರ್ಧ ನೀರು ಕುತ್ತಿಗೆಯ ಮೇಲೆ ಹರಿಯಿತು. ಅವಳು ಸೆರಗಿನಿಂದ ಒರೆಸಿದಳು.

ಅದರಿಂದ ನೋವು ಇಳಿಯಿತು ಎಂದು ಬರೆಯುವ ಆಸೆ ನನಗೆ. ಇಳಿಯಲಿಲ್ಲ. ಗುಳಿಗೆಗೆ ಬಗ್ಗುವ ಕಾಲವನ್ನು ಆ ನೋವು ದಾಟಿಹೋಗಿತ್ತು. ಅವ್ವ ದಿನವೂ ಹೋಗಿ ಕುಡಿಸಿದಳು, ದಿನವೂ ಅವರು ನುಂಗಿದರು, ಅವಳಿಗಾಗಿ ಎಂಬಂತೆ. ತೊಗರಿ ಕೊಯ್ಲಿಗೆ ಬರುವ ಮೊದಲೇ ಹೋದರು.

ಹೋದ ವಾರ ತವರಿಗೆ ಹೋಗಿದ್ದೆ. ಅತ್ತಿಯ ಜೊತೆ ಕುಳಿತಿದ್ದಾಗ ಮಾಮಾನ ಫೋನು ರಿಂಗಾಯಿತು. ಅದನ್ನು ಅವಳು ಇನ್ನೂ ಬಂದ್ ಮಾಡಿಸಿಲ್ಲ. ಗೊತ್ತಿಲ್ಲದ ನಂಬರು, ಅವಳು ನನ್ನ ಕೈಗೆ ಕೊಟ್ಟಳು. ಸಿರ್ಗಾಪುರದ ಹೆಂಗಸಂತೆ, ಹೈದರಾಬಾದಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಮಗಳಿಗೆ ಪ್ಲೇಟ್‌ಲೆಟ್ ಬೇಕಾಗಿತ್ತು.

"ಕಂಡಕ್ಟರ್ ಸಾಹೇಬ್ರು ಅದಾರೇನ್ರಿ? ಕೇಳಿದ್ರ ಬರ್ತಾರ ಅಂತ ಹೇಳಿದ್ರು…"

"ಇಲ್ರಿ," ಎಂದೆ. "ಅವರು ತೀರಿಕೊಂಡಾರ."

ಆ ಕಡೆ ಯಾರೋ ತೆಲುಗಿನಲ್ಲಿ ಹೆಸರು ಕೂಗುವುದು, ಗಾಲಿಮಂಚ ಉರುಳಿಹೋಗುವುದು ಕೇಳಿಸುತ್ತಿತ್ತು. ಆಮೇಲೆ ಆ ತಾಯಿ ಮೆಲ್ಲಗೆ, "ಹಂಗಾದ್ರ ಇನ್ನ ಯಾರಿಗೆ ಕೇಳ್ಲಿರಿ?" ಎಂದಳು.