ತಂತಿಮಾಮನ ಸುರುಳಿ

ಬೀದಿಗೆಲ್ಲ ತಂತಿಮಾಮನಾದ ಈ ಮಹಾಶಯರಿಗೆ ರೇಡಿಯೊ ಕೇಳುವುದಕ್ಕಿಂತ ಅದನ್ನು ಏರಿಯಲ್ ತಂತಿಗೆ ಹೊಂದಿಸುವುದೇ ಕಸುಬು. "ಉದ್ದ ತಂತಿಗೆ ಬಿಗುಮಾನ ಜಾಸ್ತಿ, ರೇಡಿಯೊಗೆ ಕಮ್ಮಿ. ನೇರ ಗಂಟು ಹಾಕಿದ್ರೆ ಬಂದ ಸದ್ದು ವಾಪಸ್ ಹೋಗುತ್ತೆ. ಎರಡನ್ನೂ ಒಪ್ಪಿಸೋಕೆ ನಡುವೆ ತಾಮ್ರದ ಸುರುಳಿ ಬೇಕು!" ಎಂದು ಹಾಲಿನವನನ್ನೂ ನಿಲ್ಲಿಸಿಕೊಂಡು ಬೋಧಿಸುತ್ತಾರೆ. ಸುರುಳಿಗೆ ಒಂದು ಸುತ್ತು ಸುತ್ತಿ, ಕಿವಿಗೊಟ್ಟು, ಮುಖ ಹುಳ್ಳಗೆ ಮಾಡಿ, ಬಿಚ್ಚುತ್ತಾರೆ. ದನಿ ಸರಿಹೋಗುವವರೆಗೆ ಮನೆಯ ಮಿಕ್ಸಿಗೂ ಮೌನವ್ರತ. ತಂತಿಯ ಇನ್ನೊಂದು ತುದಿ ಎದುರುಮನೆಯ ಅಣ್ಣನ ಮಹಡಿಯ ಕಂಬದಲ್ಲಿದೆ. ಅಪ್ಪ ಬಿಟ್ಟುಹೋದ ಈ ರೇಡಿಯೊ ಯಾರಿಗೆಂಬ ಜಗಳವಾದಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. "ತಂತಿ ಬಿಗಿ ಮಾಡೋಕೆ ಹೇಳೇ ಆ ಮಹಾನುಭಾವನಿಗೆ," ಎಂದರೆ ಹೆಂಡತಿ ರೇಗುತ್ತಾರೆ: "ನಿಮ್ಮಿಬ್ಬರ ನಡುವೆ ನಾನೇ ಸುರುಳಿ!" ಅಣ್ಣ ಬೈದುಕೊಂಡೇ ಬಿಗಿಯುತ್ತಾರೆ. ಗೊರಗೊರ ಅಡಗಿ ದನಿ ತಿಳಿಯಾದೊಡನೆ ತಂತಿಮಾಮ ರೇಡಿಯೊವನ್ನು ಕಿಟಕಿಯಲ್ಲಿ, ಅಣ್ಣನ ಮನೆಗೆ ಮುಖಮಾಡಿ ಇಡುತ್ತಾರೆ. ತಾವು ಅದರ ಬೆನ್ನಿಗೆ ಕೂತು ಕೇಳುತ್ತಾರೆ.