ಅವ್ವನ ಹೆಸರಿನ ಕೆಂಪು ಸಾಲು

ಆಗ ನಾನು ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತಳಾಗಿದ್ದೆ. ನನ್ನ ಗಂಡ ಸುರಪುರದಲ್ಲಿ ಸಾಲಿ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಇಬ್ಬರ ಪಗಾರ ಬಂದರೂ ಇಪ್ಪತ್ತನೇ ತಾರೀಖು ದಾಟಿತೆಂದರೆ ಮನೆಯಲ್ಲಿ ಜಗಳ. ರೊಕ್ಕ ಎಲ್ಲಿ ಹೋಯಿತೆಂದು ಅವರು ನನ್ನನ್ನು, ನಾನು ಅವರನ್ನು ಕೇಳುವುದು.

ಮಿಲ್ಲಿನ ಗೆಳತಿ ಮೊಬೈಲಿನಲ್ಲಿ ಒಂದು ವೆಬ್‌ಸೈಟು ತೋರಿಸಿದಳು. ಪುಕ್ಕಟೆ. ಖರ್ಚು ಬರೆದರೆ ಸಾಕು, ಕೂಡಿಸಿ ಕಳೆಯುವುದನ್ನು ಅದೇ ಮಾಡುತ್ತದೆ; ಗಂಡ ಹೆಂಡತಿ ಇಬ್ಬರೂ ಒಂದೇ ಪಟ್ಟಿ ನೋಡಬಹುದು. ಬಾಡಿಗೆ, ಹಾಲು, ಕರೆಂಟು, ಬಸ್ಸು ಎಂದು ಸಾಲು ಮಾಡಿ ನಾನೇ ಶುರು ಮಾಡಿದೆ. ಮೂರು ತಿಂಗಳು ಜಗಳವೇ ಇಲ್ಲ. ಒಂದಿಷ್ಟು ಉಳಿಯಿತು ಕೂಡ.

ಹುಣಸಗಿ ಹತ್ತಿರದ ಹಳ್ಳಿಯಲ್ಲಿ ನನ್ನ ಅವ್ವ ನನ್ನ ತಂಗಿಯ ಜೊತೆ ಇದ್ದಳು. ಮೊಣಕಾಲು ನೋವು. ಔಷಧಕ್ಕೆಂದು ತಿಂಗಳಿಗೆ ಸಾವಿರ ರೂಪಾಯಿ ಕಳಿಸತೊಡಗಿ, 'ಮನೆ ಖರ್ಚು' ಸಾಲಿನಲ್ಲಿ ಬರೆದೆ. ಗಂಡ ತಮ್ಮ ತಾಯಿಗೆ ಕಳಿಸುತ್ತಿದ್ದ ಎರಡು ಸಾವಿರವೂ ಅಲ್ಲೇ ಇತ್ತು.

ಒಂದು ಮುಂಜಾನೆ ಚಹಾ ಕುಡಿಯುತ್ತ ಅವರು ಕೇಳಿದರು: "ಈ ಸಾವಿರ ಯಾರಿಗಿ?"

"ಅವ್ವಗ್ರಿ. ಮೊಣಕಾಲಿನ ಗುಳಿಗಿಗಿ."

"ಅದು ಮನಿ ಖರ್ಚು ಹ್ಯಾಂಗಾತು? ಬ್ಯಾರೆ ಬರಿ."

"ಮತ್ತ ನಿಮ್ಮ ಅವ್ವಗ ಕಳಸೂದು?"

"ಅದು ನಮ್ಮ ಮನಿ."

ಅವರೇ ಹೊಸ ಸಾಲು ಮಾಡಿದರು: 'ಹೆಂಡತಿ ತವರು'. ಅದಕ್ಕೆ ಕೆಂಪು ಬಣ್ಣ ಕೊಟ್ಟರು. ಮತ್ತೆ ಜಗಳ ಬೇಡವೆಂದು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅವ್ವ ನಮ್ಮಲ್ಲಿಗೆ ಬಂದಿದ್ದಾಗ, ಊಟದ ಹೊತ್ತಿನಲ್ಲಿ ಅವರು ನಗುತ್ತ ಮೊಬೈಲು ಹಿಡಿದರು. "ನೋಡ್ರಿ ಅತ್ತಿ, ನಿಮ್ಮ ಹೆಸರಿಗಿ ಒಂದು ಸಾಲು ಅದ."

ಅವ್ವನಿಗೆ ಓದು ಬರದು. ಕೆಂಪು ಕಂಡಿತು. ಇನ್ನೊಂದು ರೊಟ್ಟಿ ಹಾಕಲು ಹೋದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

ಮುಂದಿನ ತಿಂಗಳು ಫೋನು ಮಾಡಿ, "ರೊಕ್ಕ ಕಳಸಬ್ಯಾಡವ್ವ, ನೋವು ಕಮ್ಮಿ ಆಗ್ಯಾದ" ಎಂದಳು. ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು.

ಕಾಲುವೆಗೆ ನೀರು ಬಿಟ್ಟ ಮೇಲೆ ಒಂದು ದಿನ ಹೇಳದೆ ಊರಿಗೆ ಹೋದೆ. ಅವ್ವ ಎಲ್ಲಿ ಎಂದದ್ದಕ್ಕೆ ತಂಗಿ ಗದ್ದೆಯ ಕಡೆ ಕೈ ತೋರಿಸಿದಳು. ಕೂಲಿ ಹೆಂಗಸರ ಕೊನೆಗೆ ಅವ್ವ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದಳು. ನನ್ನನ್ನು ಕಂಡು ನೆಟ್ಟಗಾಗಲು ಪಕ್ಕದವಳ ಭುಜ ಹಿಡಿಯಬೇಕಾಯಿತು.

"ಗುಳಿಗಿ ತಗೋಬೇಕಲ್ಲವ್ವ," ಎಂದಳು, ತಪ್ಪು ಮಾಡಿ ಸಿಕ್ಕವಳಂತೆ.

ಊರಿಂದ ಬಂದವಳೇ ನನ್ನ ಪಗಾರಕ್ಕೆ ಬೇರೆ ಪಟ್ಟಿ ತೆರೆದೆ. ಪಾಸ್‌ವರ್ಡ್ ಗಂಡನಿಗೆ ಕೊಡಲಿಲ್ಲ. ಬಾಡಿಗೆ, ಕಿರಾಣಿ ಅರ್ಧರ್ಧ ಎಂದೆ.

"ಇಷ್ಟಕ್ಕ ಮನಿ ಒಡೀತಿ ಏನು?"

"ಬ್ಯಾರೆ ಬರಿ ಅಂದವ್ರು ನೀವೇ ಅಲ್ಲೇನ್ರಿ?"

ಈಗ ಲೆಕ್ಕಕ್ಕೆ ಜಗಳವಿಲ್ಲ. ಮಾತೂ ಅಷ್ಟಕ್ಕಷ್ಟೇ.

ಅವ್ವ ಕೂಲಿ ಬಿಟ್ಟಿದ್ದಾಳೆ. ಆದರೆ ರೊಕ್ಕ ಮುಟ್ಟಿದಾಗಲೆಲ್ಲ ಫೋನಿನಲ್ಲಿ ದನಿ ತಗ್ಗಿಸಿ ಕೇಳುತ್ತಾಳೆ: "ಮಾಸ್ತರರಿಗಿ ಗೊತ್ತದ ಏನವ್ವ?"